ನಾರ್ಮನ್ ಆಗುವ ಮುನ್ನ: ಕಸೂತಿ, ಹಸ್ತಪ್ರತಿ, ಮಣ್ಣು, ಮೀರತ್

ಮೊದಲ ಸಲ ಉಂಗುರದಂಗಿ (ಕಬ್ಬಿಣದ ಉಂಗುರ ಹೆಣೆದ ಯುದ್ಧದಂಗಿ) ತೊಟ್ಟು ಮೈದಾನಕ್ಕೆ ಇಳಿದ ದಿನ ನನ್ನ ಬೆನ್ನ ಹಿಂದೆಯೇ ಒಬ್ಬ ಹುಡುಗ ಬಗ್ಗಿ ಬಗ್ಗಿ ಏನೋ ಆರಿಸುತ್ತಿದ್ದ. ಸಂಜೆ ಬಂದು ಬೊಗಸೆ ತೆರೆದ: ನನ್ನ ಅಂಗಿಯಿಂದ ಉದುರಿದ ಉಂಗುರಗಳು. ಅಂಗಡಿಯ ಫೋಟೊದಲ್ಲಿ ಆ ಅಂಗಿ 1066ರ ಹೇಸ್ಟಿಂಗ್ಸ್ ಕದನದಿಂದಲೇ ಎದ್ದು ಬಂದಂತಿತ್ತು. ಕೈಗೆ ಬಂದಮೇಲೆ ನೋಡಿದರೆ ಒಂದೊಂದು ಉಂಗುರವೂ ತಂತಿಯ ಎರಡು ತುದಿಯನ್ನು ಬರಿದೆ ಎದುರುಬದುರು ತಂದು ನಿಲ್ಲಿಸಿದ್ದು. ರಿವೆಟ್ ಇಲ್ಲ, ಬೆಸುಗೆ ಇಲ್ಲ. ಜಗ್ಗಿದರೆ ಬಾಯಿ ಬಿಡುತ್ತದೆ. ದುಡ್ಡು ಹೋಯಿತಲ್ಲ ಎಂಬ ಬೇಸರ ಒಂದು ವಾರದ್ದು. ಹಳೆಯ ಕಾಲದ ಯುದ್ಧ, ಬದುಕನ್ನು ಆಡಿ ತೋರಿಸುವ ತಂಡಕ್ಕೆ ನಾನು ಆಗ ಹೊಸಬ, ಹೊಸಬನಿಗೆ ಉಂಗುರದಂಗಿಯೇ ಬೇಕಿರಲಿಲ್ಲ ಎನ್ನುವುದು ಹೊಳೆಯಲು ಮಾತ್ರ ಎರಡು ವರ್ಷ ಬೇಕಾಯಿತು.

ಇಂಗ್ಲೆಂಡಿನಲ್ಲಿರುವ ಕನ್ನಡದ ಗೆಳೆಯರು ಈಗಲೂ ಕೇಳುತ್ತಾರೆ: ನಾರ್ಮನ್ ವೇಷಕ್ಕೆ ಎಲ್ಲಿಂದ ಶುರುಮಾಡೋದು? ವೇಷ ಎಂದರೆ ನಮ್ಮ ತಂಡದ ಹಿರಿಯರಿಗೆ ಹಿಡಿಸುವುದಿಲ್ಲ. ಯಕ್ಷಗಾನ ನೋಡಿ ಬೆಳೆದ ನನಗೆ ಅದು ಹಗುರದ ಮಾತಲ್ಲ, ಹಾಗಾಗಿ ಇಟ್ಟುಕೊಂಡಿದ್ದೇನೆ. ಲಿವಿಂಗ್ ಹಿಸ್ಟರಿ ಎಂದರೆ ಕತ್ತಿ ಬೀಸುವ ಇಪ್ಪತ್ತು ನಿಮಿಷ ಮಾತ್ರವಲ್ಲ. ಗುಡಾರ ಹಾಕಿ, ಸೌದೆ ಒಲೆಯಲ್ಲಿ ಬೇಯಿಸಿ, ಹೊಲಿದು, ಕಬ್ಬಿಣ ಕಾಯಿಸಿ, ನೋಡಲು ಬಂದ ಮಕ್ಕಳು "ಇದು ನಿಜವಾ?" ಎಂದಾಗ ಉತ್ತರ ಕೊಡುವ ಇಡೀ ದಿನ ಅದರಲ್ಲಿ ಸೇರಿದೆ. ಆ ಉತ್ತರ ಎಲ್ಲಿಂದ ಬರಬೇಕು ಎನ್ನುವುದೇ ಇಲ್ಲಿನ ಹೋಲಿಕೆಯ ವಿಷಯ.

ಯಾವ ನಾರ್ಮನ್?

ನಾರ್ಮನ್ ಎಂಬ ಒಂದು ಹೆಸರಿನಡಿ ಕಡೇಪಕ್ಷ ಮೂರು ಬಗೆಯ ಜನ ನಿಂತಿದ್ದಾರೆ. 911ರ ಹೊತ್ತಿಗೆ ಪಶ್ಚಿಮ ಫ್ರಾಂಕರ ದೊರೆ ಚಾರ್ಲ್ಸನಿಂದ ಸೀನ್ ನದಿಯ ಕೆಳದಂಡೆಯ ಸೀಮೆ (ಮುಂದಿನ ನಾರ್ಮಂಡಿ) ಪಡೆದ ರೊಲ್ಲೊ ಮತ್ತು ಸ್ಕ್ಯಾಂಡಿನೇವಿಯ ಮೂಲದ ಅವನ ವೈಕಿಂಗ್ ಸಂಗಡಿಗರು ಮೊದಲಿನವರು. 1066ರಲ್ಲಿ ಡ್ಯೂಕ್ ವಿಲಿಯಂ ಜೊತೆ ಕಡಲು ದಾಟಿ ಇಂಗ್ಲೆಂಡ್ ಗೆದ್ದವರು ಎರಡನೆಯವರು. ಅದೇ ಕಾಲಕ್ಕೆ ದಕ್ಷಿಣ ಇಟಲಿಯಲ್ಲಿ ಕೂಲಿ ಸೈನಿಕರಾಗಿ ಹೋಗಿ ಒಡೆಯರಾಗಿ ಕುಳಿತು, 1061ರಲ್ಲಿ ಸಿಸಿಲಿಗೆ ಕಾಲಿಟ್ಟು, 1071ರಲ್ಲಿ ಬಾರಿ ಪಟ್ಟಣ ಹಿಡಿದ ಓತ್‌ವಿಲ್ ಮನೆತನದವರು ಮೂರನೆಯವರು.

ರೊಲ್ಲೊ ಕಾಲದ ಆಸೆ ಎಲ್ಲರಿಗೂ ಇರುತ್ತದೆ, ಆಧಾರ ಮಾತ್ರ ಕಡಿಮೆ. ಆ ಒಪ್ಪಂದದ ಕಥೆಯನ್ನು ನಮಗೆ ಹೇಳುವ ದೂದೊ ಎಂಬ ಪಾದ್ರಿ ಬರೆದದ್ದು ಸುಮಾರು ನೂರು ವರ್ಷದ ನಂತರ, ಅದೂ ರೊಲ್ಲೊನ ಮೊಮ್ಮಗನ ಆಸ್ಥಾನದ ಕೃಪೆಯಲ್ಲಿ. ನಾರ್ಮಂಡಿಯಲ್ಲಿ ಸಿಕ್ಕ ಸ್ಕ್ಯಾಂಡಿನೇವಿಯನ್ ಸಮಾಧಿಗಳು ಬೆರಳೆಣಿಕೆಯಷ್ಟು. ಪೀತ್ರ್ ಎಂಬಲ್ಲಿ ಸಿಕ್ಕ ಹೆಂಗಸಿನ ಜೋಡಿ ಬ್ರೋಚ್‌ಗಳನ್ನೇ ಎಲ್ಲರೂ ತೋರಿಸುತ್ತಾರೆ. ಊರ ಹೆಸರುಗಳಲ್ಲಿ ಆ ಜನ ಢಾಳಾಗಿ ಉಳಿದಿದ್ದಾರೆ, ಆದರೆ ಊರ ಹೆಸರನ್ನು ಮೈಮೇಲೆ ತೊಡಲಾಗದು. ಇಟಲಿಯ ನಾರ್ಮನ್ನರಿಗೆ ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ ದಂತದ ಚದುರಂಗದ ಕಾಯಿಗಳು ಸೊಗಸಾದ ಆಧಾರ. ಅವಕ್ಕೆ ಫ್ರಾಂಕರ ಚಕ್ರವರ್ತಿ ಶಾರ್ಲಮೇನ್ ಹೆಸರು ಅಂಟಿಕೊಂಡಿದೆಯಾದರೂ ಅವನು ಸತ್ತು ಇನ್ನೂರೈವತ್ತು ವರ್ಷ ಕಳೆದ ಮೇಲೆ ದಕ್ಷಿಣ ಇಟಲಿಯಲ್ಲಿ ಕೆತ್ತಿದ ಕಾಯಿಗಳವು. ಉದ್ದ ಗುರಾಣಿ ಹಿಡಿದ ಸೈನಿಕರು ಅದರಲ್ಲಿದ್ದಾರೆ. ಅಲ್ಲಿಂದಾಚೆಗೆ ಬೈಜಾಂಟಿಯಮ್ ಮತ್ತು ಅರಬ್ ಲೋಕದ ಉಡುಪನ್ನೂ ಓದಿಕೊಳ್ಳಬೇಕಾಗುತ್ತದೆ. ಹೊಸಬರಿಗೆ ಅದು ಎರಡು ದೋಣಿಯಲ್ಲಿ ಕಾಲಿಟ್ಟ ಹಾಗೆ.

ಆದ್ದರಿಂದ ಮೊದಲ ವೇಷಕ್ಕೆ 1066ರ ಆಚೀಚೆ ಹತ್ತು ವರ್ಷವನ್ನೇ ಹಿಡಿಯಿರಿ. ಚಿತ್ರ, ಬರಹ, ಹೂತದ್ದು ಮೂರೂ ಒಂದನ್ನೊಂದು ಮುಟ್ಟುವ ಕಾಲ ಅದೊಂದೇ.

ಬೇಯೂ ಕಸೂತಿ: ಎಲ್ಲರ ಮೊದಲ ಗುರು

ವಿಲಿಯಂ ಇಂಗ್ಲೆಂಡ್ ಗೆದ್ದ ಕಥೆಯನ್ನು ಚಿತ್ರಗಳಲ್ಲಿ ಹೇಳುವ, ಫ್ರಾನ್ಸಿನ ಬೇಯೂ ಪಟ್ಟಣದ ಉದ್ದನೆಯ ಪಟ್ಟಿಯಿದು. ಇಂಗ್ಲಿಷಿನಲ್ಲಿ ಟ್ಯಾಪೆಸ್ಟ್ರಿ ಎನ್ನುತ್ತಾರೆ, ಆದರೆ ಇದು ನೇಯ್ದದ್ದಲ್ಲ. ನಾರುಬಟ್ಟೆಯ ಮೇಲೆ ಉಣ್ಣೆ ದಾರದಲ್ಲಿ ಹಾಕಿದ ಅಪ್ಪಟ ಕಸೂತಿ. ಉದ್ದ 68 ಮೀಟರ್ ದಾಟುತ್ತದೆ, ಎತ್ತರ ಸುಮಾರು ಅರ್ಧ ಮೀಟರ್, ಕೊನೆಯ ತುಂಡು ಕಳೆದುಹೋಗಿದೆ. ಹೊಲಿಸಿದವನು ವಿಲಿಯಂನ ಮಲತಮ್ಮ, ಬೇಯೂ ಬಿಷಪ್ ಓಡೊ ಇರಬೇಕು, ಹೊಲಿದದ್ದು ಇಂಗ್ಲೆಂಡಿನಲ್ಲಿ ಎಂಬುದು ಬಹುಮಟ್ಟಿಗೆ ಒಪ್ಪಿತ ಮಾತು. ಅಂದರೆ ಗೆದ್ದವರ ಕಥೆಯನ್ನು ಸೋತವರ ಸೂಜಿ ಹೊಲಿದಿದೆ.

ಯುದ್ಧದ ಆಚೆಗೆ ಅದು ಕೊಡುವುದೇ ನನಗೆ ಹೆಚ್ಚು. ಉಂಗುರದಂಗಿಯ ಎರಡು ತೋಳಿಗೂ ಕೋಲು ತೂರಿಸಿ ಇಬ್ಬಿಬ್ಬರು ಹೆಗಲ ಮೇಲೆ ಹೊತ್ತು ಹಡಗಿಗೆ ಸಾಗಿಸುತ್ತಾರೆ. ಬಂಡಿಯಲ್ಲಿ ಪೀಪಾಯಿ ಮತ್ತು ಈಟಿಗಳು ಒಟ್ಟಿಗೇ ಹೋಗುತ್ತವೆ. ದಡಕ್ಕಿಳಿದ ಮೇಲೆ ಮಾಂಸ ಬೇಯಿಸಿ, ಕಡ್ಡಿಗೆ ಚುಚ್ಚಿ ಹಂಚುತ್ತಾರೆ. ಮೇಜಿಲ್ಲದ ಕಡೆ ಗುರಾಣಿಗಳೇ ಮೇಜು. ಕೆಳ ಅಂಚಿನಲ್ಲಿ ಒಬ್ಬ ಉಳುತ್ತಾನೆ, ಒಬ್ಬ ಬಿತ್ತುತ್ತಾನೆ, ಒಬ್ಬ ಕವಣೆಯಿಂದ ಹಕ್ಕಿಗೆ ಕಲ್ಲು ಬೀಸುತ್ತಾನೆ. ಗುಡಾರದ ಬದುಕಿಗೆ ಇಷ್ಟು ಸಾಮಗ್ರಿ ಬೇರೆಲ್ಲೂ ಒಟ್ಟಿಗೆ ಸಿಕ್ಕುವುದಿಲ್ಲ.

ಇನ್ನು ಅದನ್ನು ನಂಬಬಾರದ ಕಡೆಗಳು. ಕುದುರೆಗಳು ನೀಲಿ, ಒಂದೇ ಕುದುರೆಯ ಕಾಲುಗಳಿಗೆ ಬೇರೆ ಬೇರೆ ಬಣ್ಣ. ಹಾಗಾಗಿ ಅಂಗಿಯ ಬಣ್ಣವನ್ನು ಅಲ್ಲಿಂದ ನಕಲು ಮಾಡುವುದು ಬೇಡ. ಕೆಲವು ಸವಾರರ ಉಂಗುರದಂಗಿ ಚಡ್ಡಿಯಂತೆ ಎರಡೂ ತೊಡೆ ಸುತ್ತಿದ ಹಾಗೆ ಕಾಣುತ್ತದೆ. ಹಾಗೆ ಹೊಲಿಸಿಕೊಂಡು ಜೀನಿನ ಮೇಲೆ ಕೂತವರ ಅವಸ್ಥೆ ನಾನು ಕಂಡಿದ್ದೇನೆ. ಮುಂದೆ ಹಿಂದೆ ಸೀಳಿದ ಲಂಗವನ್ನು ಕಸೂತಿಯವರು ಹಾಗೆ ತೋರಿಸಿದ್ದಾರೆ ಎನ್ನುವುದೇ ನನಗೆ ಒಪ್ಪಿಗೆ. ಸತ್ತವರ ಮೈಯಿಂದ ಅಂಗಿ ಸುಲಿಯುವ ಅಂಚಿನ ಚಿತ್ರಗಳಲ್ಲಿ ಒಳಗೆ ಬರೀ ಮೈ. ಹತ್ತಿ-ಉಣ್ಣೆ ತುಂಬಿದ ಒಳಗವಚ ಆ ಕಾಲಕ್ಕೆ ಇತ್ತೇ ಇಲ್ಲವೇ ಎಂಬ ಜಗಳ ಈ ಚಿತ್ರಗಳ ಸುತ್ತಲೇ ನಡೆಯುತ್ತದೆ. ಚಿತ್ರ ಏನೇ ಹೇಳಲಿ, ಒಳಗೆ ದಪ್ಪದ್ದೊಂದು ತೊಟ್ಟುಕೊಳ್ಳಿ, ಹೊರಗೆ ಕಾಣದಿದ್ದರೆ ಆಯಿತು. ಪಕ್ಕೆಲುಬು ನಿಮ್ಮದು.

ಇನ್ನೊಂದು ತೊಡಕು ರಿಪೇರಿಯದು. 19ನೇ ಶತಮಾನದಲ್ಲಿ ಹಲವು ಕಡೆ ಹೊಸ ದಾರ ಬಿದ್ದಿದೆ. ಸೋತ ಇಂಗ್ಲೆಂಡ್ ದೊರೆ ಹೆರಾಲ್ಡನ ಕಣ್ಣಿಗೆ ನೆಟ್ಟ ಪ್ರಸಿದ್ಧ ಬಾಣ ಕೂಡ 18ನೇ ಶತಮಾನದಲ್ಲಿ ಬರೆದುಕೊಂಡ ಚಿತ್ರದಲ್ಲಿ ಇಂದಿನಂತೆ ಗರಿ ಸಹಿತ ಕಾಣುವುದಿಲ್ಲ. ಇಂಗ್ಲೆಂಡಿನ ರೆಡಿಂಗ್ ಮ್ಯೂಸಿಯಂನಲ್ಲಿ 1880ರ ದಶಕದಲ್ಲಿ ಲೀಕ್ ಪಟ್ಟಣದ ಹೆಂಗಸರು ಹೊಲಿದ ಪೂರ್ತಿ ಅಳತೆಯ ನಕಲಿದೆ. ಅದರಲ್ಲಿ ಬೆತ್ತಲೆ ಗಂಡಸಿಗೆ ಚಡ್ಡಿ ತೊಡಿಸಿದ್ದಾರೆ. ಮಿಕ್ಕ ವಿವರಕ್ಕೆ ಆ ನಕಲು ಬಲು ಅನುಕೂಲ, ಜನಜಂಗುಳಿಯೂ ಕಡಿಮೆ. ಮೂಲವಿರುವ ಬೇಯೂ ಮ್ಯೂಸಿಯಂ ನವೀಕರಣಕ್ಕಾಗಿ 2025ರ ಸೆಪ್ಟೆಂಬರಿನಲ್ಲಿ ಬಾಗಿಲು ಹಾಕಿತು. 2026ರ ಸೆಪ್ಟೆಂಬರಿನಿಂದ 2027ರ ಜುಲೈವರೆಗೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಇಡುವುದೆಂದು ಒಪ್ಪಂದವಾಗಿದೆ. ಪೂರ್ತಿ ಕಸೂತಿಯ ದೊಡ್ಡ ಗಾತ್ರದ ಡಿಜಿಟಲ್ ಚಿತ್ರವನ್ನು ಬೇಯೂ ಮ್ಯೂಸಿಯಂ ಉಚಿತವಾಗಿ ಇಟ್ಟಿದೆ. ಹೊಲಿಗೆ ಎಣಿಸುವಷ್ಟು ಹತ್ತಿರ ಹೋಗಬಹುದು, ಗಾಜಿನ ಮುಂದೆ ನಿಂತರೆ ಅದು ಸಾಧ್ಯವಿಲ್ಲ.

ವೀರಗಲ್ಲು ನೋಡಿ ಬೆಳೆದವರಿಗೆ ಈ ಎಚ್ಚರ ಹೊಸದಲ್ಲ. ಕಲ್ಲಿನ ವೀರ ಹಿಡಿದ ಬಿಲ್ಲು ಅವನದೇ ಅಳತೆಯ ಬಿಲ್ಲಲ್ಲ, ಶಿಲ್ಪಿಗೆ ಸಿಕ್ಕ ಜಾಗದ ಬಿಲ್ಲು.

ಹೆಂಗಸರಿಗೆ ಹಸ್ತಪ್ರತಿ

ಕಸೂತಿಯ ಮುಖ್ಯ ಪಟ್ಟಿಯಲ್ಲಿ ನೂರಾರು ಗಂಡಸರು, ಹೆಂಗಸರು ಮೂರೇ ಜನ. ಒಬ್ಬಳಿಗೆ ಹೆಸರಿದೆ, ಏಕಿದ್ದಾಳೆಂದು ಯಾರಿಗೂ ತಿಳಿಯದು. ಒಬ್ಬಳು ಸಾಯುತ್ತಿರುವ ದೊರೆಯ ಮಂಚದ ಬಳಿ. ಇನ್ನೊಬ್ಬಳು ಮಗುವಿನ ಕೈಹಿಡಿದು ಉರಿಯುವ ಮನೆಯಿಂದ ಹೊರಬರುತ್ತಾಳೆ. ನಮ್ಮ ತಂಡಕ್ಕೆ ಸೇರಿದ ಹಾಸನದ ಅಕ್ಕ ಒಬ್ಬರು ಇದನ್ನು ನೋಡಿ "ಮೂರು ಜನಕ್ಕೆ ಒಂದೇ ಸೀರೆ ಉಡಿಸಿದ ಹಾಗಿದೆಯಲ್ಲ" ಎಂದರು. ಅವರಿಗೆ ದಾರಿ ತೋರಿಸಿದ್ದು ಹಸ್ತಪ್ರತಿಗಳು. ಕ್ಯಾಂಟರ್ಬರಿಯಲ್ಲಿ 11ನೇ ಶತಮಾನದ ಮೊದಲರ್ಧದಲ್ಲಿ ಸಿದ್ಧವಾದ ಹಳೆಯ ಇಂಗ್ಲಿಷ್ ಬೈಬಲಿನ ಮೊದಲ ಆರು ಪುಸ್ತಕಗಳ ಪ್ರತಿ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅಡುಗೆ, ಹೆರಿಗೆ, ಪ್ರಯಾಣ, ಕಟ್ಟಡದ ಕೆಲಸ ಎಲ್ಲದರ ಚಿತ್ರಗಳೂ ಅದರಲ್ಲಿವೆ. ನಾರ್ಮಂಡಿಯ ಕಡೆಯಿಂದ ಮಾಂಟ್ ಸೇಂಟ್ ಮಿಷೆಲ್ ಮಠದ ಪ್ರತಿಗಳು ಅವ್ರಾಂಶ್ ಪಟ್ಟಣದಲ್ಲಿವೆ, ಅವೂ ಡಿಜಿಟಲ್ ಆಗಿವೆ.

ಇವುಗಳ ದೋಷವೂ ಗೊತ್ತಿರಲಿ. ಬೈಬಲಿನ ಕಥೆಗೆ ಬರೆದ ಚಿತ್ರ ಎಷ್ಟೋ ಸಲ ಇನ್ನೂ ಹಳೆಯ ಚಿತ್ರದ ನಕಲು. 11ನೇ ಶತಮಾನದ ಪಾದ್ರಿ 9ನೇ ಶತಮಾನದ ಮಡಿಕೆಗಳನ್ನು ಬರೆದಿರಬಹುದು. ಬ್ರಿಟಿಷ್ ಲೈಬ್ರರಿಯ ಡಿಜಿಟಲ್ ಪುಟಗಳು 2023ರ ಅಕ್ಟೋಬರಿನ ಸೈಬರ್ ದಾಳಿಯಲ್ಲಿ ಮಾಯವಾಗಿ, ಆಮೇಲೆ ಒಂದೊಂದಾಗಿ ಮರಳಿದವು. ಒಳ್ಳೆಯ ಪುಟ ಕಂಡ ದಿನವೇ ಇಳಿಸಿಟ್ಟುಕೊಳ್ಳುವುದು ಜಾಣತನ.

ಬರಹ ಮತ್ತು ಮಣ್ಣು, ಬಿಲ್ಲಿನ ಮೂಲಕ

ಆಧಾರಗಳನ್ನು ಹೋಲಿಸಲು ನಾನು ಹೊಸಬರಿಗೆ ಕೊಡುವ ಪರೀಕ್ಷೆ ಒಂದೇ: ಹೇಸ್ಟಿಂಗ್ಸ್‌ನಲ್ಲಿದ್ದ ನಾರ್ಮನ್ ಬಿಲ್ಲಾಳನ್ನು ಕಟ್ಟಿ ತೋರಿಸಿ.

ಕಸೂತಿ ನೋಡಿದವನು ಗಿಡ್ಡ ಬಿಲ್ಲು ತರುತ್ತಾನೆ, ಎದೆಯವರೆಗೆ ಎಳೆಯುತ್ತಾನೆ. ವಿಲಿಯಂನ ಪಾದ್ರಿಯಾಗಿದ್ದ ಪ್ವಾತಿಯೆದ ವಿಲಿಯಂ ದೀಕ್ಷೆಗೆ ಮುನ್ನ ತಾನೇ ಸೈನಿಕನಾಗಿದ್ದವನು. ಮೊದಲ ಸಾಲಿನಲ್ಲಿ ಬಾಣದವರ ಜೊತೆ ಅಡ್ಡಬಿಲ್ಲಿನವರೂ (ಕ್ರಾಸ್‌ಬೋ) ಇದ್ದರು ಎಂದು ಅವನು ಬರೆದಿದ್ದಾನೆ. ಕಸೂತಿಯಲ್ಲಿ ಹುಡುಕಿದರೂ ಒಂದು ಅಡ್ಡಬಿಲ್ಲಿಲ್ಲ. ಹಾಗಾದರೆ ಯಾರ ಮಾತು ಸರಿ? ಫ್ರಾನ್ಸಿನ ಆಲ್ಪ್ಸ್ ಮಗ್ಗುಲಿನ ಪಲಾದ್ರು ಸರೋವರದ ತಳದಲ್ಲಿ ಕೊಲೆತಿಯೇರ್ ಎಂಬ ಊರು ಸಿಕ್ಕಿದೆ. 1003ರ ಸುಮಾರಿಗೆ ಕಟ್ಟಿದ್ದು, 1040ರ ಹೊತ್ತಿಗೆ ನೀರು ಏರಿ ಜನ ಬಿಟ್ಟುಹೋದದ್ದು. ಅಲ್ಲಿ ಕುದುರೆಯ ಸಾಮಾನು, ಚದುರಂಗದ ಕಾಯಿ, ವಾದ್ಯಗಳ ಜೊತೆ ಅಡ್ಡಬಿಲ್ಲಿನ ತುಂಡುಗಳೂ ಎದ್ದವು. ಪಾದ್ರಿ ಸುಳ್ಳು ಹೇಳಿಲ್ಲ. ಇನ್ನು ಸಾಧಾರಣ ಬಿಲ್ಲಿನ ಅಳತೆಗೆ ಜರ್ಮನಿಯ ಹೇಡೆಬಿ ಬಂದರಿನ ಕೆಸರಲ್ಲಿ ಸಿಕ್ಕ ಯೂ ಮರದ ಬಿಲ್ಲಿದೆ. ಅದರ ಉದ್ದ ಸುಮಾರು 190 ಸೆಂಟಿಮೀಟರ್, ಆಳೆತ್ತರಕ್ಕೂ ಮಿಗಿಲು. ಕಸೂತಿಯ ಪಟ್ಟಿಯಲ್ಲಿ ಅಷ್ಟುದ್ದದ ಬಿಲ್ಲಿಗೆ ಜಾಗವೇ ಇರಲಿಲ್ಲ.

ಈ ಪರೀಕ್ಷೆಯಲ್ಲಿ ಒಂದು ಗಮನಿಸಿದಿರಾ? ಮಣ್ಣಿನಿಂದ ಬಂದ ಸಾಕ್ಷಿ ಒಂದೂ ನಾರ್ಮಂಡಿಯದಲ್ಲ. ಕಾರಣ ಸರಳ. ಕ್ರೈಸ್ತರಾದ ಮೇಲೆ ನಾರ್ಮನ್ನರು ಸತ್ತವರ ಜೊತೆ ಕತ್ತಿ, ಶಿರಸ್ತ್ರಾಣ ಹೂಳುವುದನ್ನು ಬಿಟ್ಟರು. ಮೂಗಿನ ಪಟ್ಟಿಯ ಚೂಪು ಶಿರಸ್ತ್ರಾಣಕ್ಕೆ ಎಲ್ಲರೂ ತೋರಿಸುವ ಎರಡು ಮಾದರಿಗಳು ಕೂಡ ಚೆಕ್ ನಾಡಿನವು. ಒಂದು ಪ್ರಾಗ್ ಚರ್ಚಿನ ಭಂಡಾರದಲ್ಲಿದೆ, ಇನ್ನೊಂದು ಮೊರಾವಿಯದ ಓಲೊಮೌತ್ಸ್ ಬಳಿ ಸಿಕ್ಕು ಈಗ ವಿಯೆನ್ನಾದಲ್ಲಿದೆ. ಬೂಟಿನ ಪಡಿಯಚ್ಚಿಗೆ ಇಂಗ್ಲೆಂಡಿನ ಯಾರ್ಕ್ ಪಟ್ಟಣದ ಕಾಪರ್‌ಗೇಟ್ ಅಗೆತ, ಅದರ ವರದಿಗಳು ಬಹುಪಾಲು ಉಚಿತವಾಗಿ ಸಿಗುತ್ತವೆ. ಬಕಲ್, ಪಟ್ಟಿತುದಿ, ರಿಕಾಪಿನ ಅಲಂಕಾರಕ್ಕೆ ಇಂಗ್ಲೆಂಡಿನ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್. ಹೊಲದಲ್ಲಿ ಸಾರ್ವಜನಿಕರಿಗೆ ಸಿಕ್ಕ 15 ಲಕ್ಷಕ್ಕೂ ಹೆಚ್ಚು ವಸ್ತುಗಳು ಫೋಟೊ ಸಹಿತ ಅದರಲ್ಲಿವೆ. ಫ್ರಾನ್ಸಿನಲ್ಲಿ ಅನುಮತಿಯಿಲ್ಲದೆ ಮೆಟಲ್ ಡಿಟೆಕ್ಟರ್ ಹಿಡಿದು ಹಳೆಯ ವಸ್ತು ಹುಡುಕುವುದು ಅಪರಾಧ. ಹಾಗಾಗಿ ಇಷ್ಟು ದೊಡ್ಡ ಪಟ್ಟಿ ಆ ದಡದಲ್ಲಿ ಬೆಳೆಯಲಿಲ್ಲ.

ಬರಹಗಳ ಬಗ್ಗೆ ಇನ್ನೊಂದು ಮಾತು. ಕಾಲಕ್ಕೆ ಹತ್ತಿರದವನನ್ನೇ ಹಿಡಿಯಿರಿ. ವೇಸ್ ಎಂಬ ಕವಿಯ ಹೇಸ್ಟಿಂಗ್ಸ್ ವರ್ಣನೆ ಓದಲು ರಸವತ್ತಾಗಿದೆ, ಆದರೆ ಅವನು ಬರೆದದ್ದು ನೂರು ವರ್ಷದ ಮೇಲೆ. ಆರ್ಡೆರಿಕ್ ವಿಟಾಲಿಸ್ ಹುಟ್ಟಿದ್ದೇ 1075ರಲ್ಲಿ. ಆದರೂ ಅವನ ಗೊಣಗಾಟ ನಮಗೆ ಬಂಗಾರ. ಕೂದಲು ಬಿಟ್ಟ, ಚೇಳಿನ ಬಾಲದಂಥ ಚೂಪು ಬೂಟಿನ ಹೊಸ ತಲೆಮಾರನ್ನು ಅವನು ಮನಸಾರೆ ಬಯ್ಯುತ್ತಾನೆ. ಆ ಶೋಕಿ ಶುರುವಾದದ್ದು 1066ರ ಎಷ್ಟೋ ಆಮೇಲೆ. ಅಂದಮೇಲೆ ಅಂಗಡಿಯವರು "ನಾರ್ಮನ್ ಬೂಟು" ಎಂದು ಚೂಪು ಮೂತಿಯದ್ದನ್ನು ತೋರಿಸಿದರೆ ಬೇಡ ಎನ್ನಲು ಆರ್ಡೆರಿಕ್ ಸಾಕು. ವಿಲಿಯಂನ ಆಳುಗಳಿಗೆ ಗಿಡ್ಡ ಕೂದಲು, ಹಿಂದಲೆ ಬೋಳು, ಅದನ್ನು ಕಸೂತಿ ಸ್ಪಷ್ಟವಾಗಿ ತೋರಿಸುತ್ತದೆ. ನಮ್ಮಲ್ಲಿ ಹಾಗೆ ಬೋಳಿಸಿಕೊಂಡು ಸೋಮವಾರ ಆಫೀಸಿಗೆ ಹೋದವರು ಇಬ್ಬರೇ.

ತಂಡ: ಕಟ್ಟುನಿಟ್ಟೋ, ಸಡಿಲವೋ

ಇಂಗ್ಲೆಂಡಿನಲ್ಲಿ ರೆಜಿಯಾ ಆಂಗ್ಲೋರಮ್ ಎಂಬ ತಂಡ 1986ರಿಂದ ಇದೆ. ಆಲ್ಫ್ರೆಡ್ ದೊರೆಯಿಂದ ಮೊದಲನೇ ರಿಚರ್ಡ್‌ವರೆಗಿನ ಕಾಲ ಅವರದು, ಕೆಂಟ್ ಸೀಮೆಯಲ್ಲಿ ವೈಚರ್ಸ್ಟ್ ಎಂಬ ಮರದ ಗೌಡಿಕೆಯ ಮನೆಯನ್ನೇ ಕಟ್ಟಿದ್ದಾರೆ. ಇಂಥ ತಂಡಗಳಲ್ಲಿ ಉಡುಪನ್ನು ಹೊಲಿಗೆ ಸಮೇತ ಪರೀಕ್ಷಿಸುತ್ತಾರೆ. ಹೊರಗೆ ಕಾಣುವ ಮಷೀನ್ ಹೊಲಿಗೆ, ಕನ್ನಡಕ, ಕೈಗಡಿಯಾರ ನಡೆಯದು. ಅತ್ತ 1966ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಹುಟ್ಟಿದ ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಮ್ ಸಡಿಲ. 17ನೇ ಶತಮಾನಕ್ಕೆ ಹಿಂದಿನ ಯಾವ ಕಾಲದ ಪಾತ್ರವಾದರೂ ಆಗಬಹುದು, ಕಾದಾಟ ಬೆತ್ತದ ಕತ್ತಿಯಲ್ಲಿ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಹತ್ತಿರದಲ್ಲಿ ಸಿಗುವುದು ಬಹುಶಃ ಇದೇ. ಪಕ್ಕದಲ್ಲಿ ಜಪಾನಿನ ಸಮುರಾಯ್ ನಿಂತಿದ್ದರೂ ಬೇಸರಪಡದವರಿಗೆ ಇದು ಹಿತ. ನನಗೆ ಮೊದಲನೆಯದೇ ಇಷ್ಟ, ಏಕೆಂದರೆ ಅಲ್ಲಿ ತಪ್ಪನ್ನು ಮುಖಕ್ಕೆ ಹೇಳುತ್ತಾರೆ. ಮಾತು ಚುಚ್ಚಿಸಿಕೊಳ್ಳುವ ಶಕ್ತಿ ಇಲ್ಲದಿದ್ದರೆ ಎರಡನೆಯದಕ್ಕೆ ಹೋಗಿ.

ಸೇರುವ ಮುನ್ನ ಮೂರು ವಿಷಯ ವಿಚಾರಿಸಿ: ಹೊಸಬರಿಗೆ ಉಡುಪು ಎರವಲು ಕೊಡುತ್ತಾರೆಯೇ, ವಿಮೆ ಇದೆಯೇ, ಯುದ್ಧ ಮಾಡದೆ ಗುಡಾರದ ಕೆಲಸಕ್ಕೇ ಇರುವವರಿಗೆ ಮರ್ಯಾದೆ ಇದೆಯೇ. ಮೂರನೆಯದು ತಂಡದ ಗುಣ ತಿಳಿಸುತ್ತದೆ. ಸುಮ್ಮನೆ ನೋಡಿ ತೀರ್ಮಾನಿಸುವ ಆಸೆಯಿದ್ದರೆ ಅಕ್ಟೋಬರ್ 14ರ ಆಸುಪಾಸಿನ ವಾರಾಂತ್ಯ ಬ್ಯಾಟಲ್ ಅಬಿಗೆ ಹೋಗಿ. ಕದನ ನಡೆದ ಜಾಗದಲ್ಲೇ ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ಪ್ರದರ್ಶನ ಏರ್ಪಡಿಸುತ್ತದೆ. ನಾರ್ಮಂಡಿಯಲ್ಲಾದರೆ ಕಾನ್ ನಗರದ ಪಕ್ಕ ಒರ್ನಾವಿಕ್ ಎಂಬ ಕಟ್ಟಿ ನಿಲ್ಲಿಸಿದ ಹಳ್ಳಿಯಿದೆ. ರೊಲ್ಲೊ ಕಾಲದ ಹುಚ್ಚು ಇರುವವರು ಅಲ್ಲಿಗೇ ಹೋಗಬೇಕು.

ಕೊಳ್ಳುವುದು, ಹೊಲಿಯುವುದು

ನಿಮಗೆ ಬೇಕಾದ ಮೊದಲ ಸಾಮಾನು ಬೂಟು. ಒಳಮಗ್ಗುಲು ಹೊರಗಿಟ್ಟು ಹೊಲಿದು ತಿರುವಿ ಹಾಕುವ ತೊಗಲಿನ ಬೂಟಿಗೆ ಅಡಿ ನುಣುಪು, ಒದ್ದೆ ಹುಲ್ಲಿನ ಮೇಲೆ ಅದರಲ್ಲಿ ನಡೆಯುವುದನ್ನು ಕಾಲು ಕಲಿಯಬೇಕು. ಇದನ್ನು ತಿಳಿದವರಿಂದ ಕೊಳ್ಳಿ. ಬಟ್ಟೆಯನ್ನು ನೀವೇ ಹೊಲಿಯಿರಿ. ಉಣ್ಣೆಯ ಟ್ಯೂನಿಕ್ (ಉದ್ದಂಗಿ) ಎಂದರೆ ಚೌಕ, ಆಯತ, ತ್ರಿಕೋನದ ತುಂಡುಗಳು, ಬಗಲಿಗೊಂದು ಚೌಕ. ಹಳೇ ಜುಬ್ಬಕ್ಕೆ ನಮ್ಮ ದರ್ಜಿ ಬಗಲಲ್ಲಿ ಕೂಡಿಸುತ್ತಿದ್ದುದು ಅದೇ ತುಂಡು. ಒಳಗೆ ನಾರುಬಟ್ಟೆಯ ಅಂಗಿ, ಕಾಲಿಗೆ ಉಣ್ಣೆಯ ಪಟ್ಟಿ ಸುತ್ತು. ಪಾಲಿಯೆಸ್ಟರ್ ಬೆರಕೆ ಮಾತ್ರ ಬೇಡವೇ ಬೇಡ. ಕಿಡಿ ಬಿದ್ದರೆ ಉಣ್ಣೆ ಕರಕಲಾಗಿ ನಿಲ್ಲುತ್ತದೆ, ಅದು ಕರಗಿ ಚರ್ಮಕ್ಕೆ ಅಂಟುತ್ತದೆ.

ಕಬ್ಬಿಣದ ಸಾಮಾನಿಗೆ ಬಂದರೆ ಯುರೋಪು ಅಮೆರಿಕದ ಅಂಗಡಿಗಳಲ್ಲಿ ಕಾಣುವ ಅಗ್ಗದ ಶಿರಸ್ತ್ರಾಣ, ಉಂಗುರದಂಗಿಗಳಲ್ಲಿ ದೊಡ್ಡ ಪಾಲು ನಮ್ಮ ದೇಶದ್ದೇ. ಮೀರತ್, ದೆಹರಾದೂನ್ ಕಡೆಯ ಕಾರ್ಖಾನೆಗಳು ದಶಕಗಳಿಂದ ಈ ಕೆಲಸದಲ್ಲಿವೆ. ಒಂದೇ ಕಡೆಯಿಂದ ಒಳ್ಳೆಯದೂ ಬರುತ್ತದೆ, ನಾನು ಕೊಂಡಂಥದ್ದೂ ಬರುತ್ತದೆ. ಬರಿದೆ ಕೂಡಿಸಿದ ಉಂಗುರ ಅಗ್ಗ, ಗೋಡೆಗೆ ನೇತುಹಾಕಲು ಸರಿ. ಒಂದು ಸಾಲು ಇಡಿ ಉಂಗುರ, ಒಂದು ಸಾಲು ದುಂಡು ರಿವೆಟ್ ಇರುವುದು ದುಬಾರಿ, ಆದರೆ 11ನೇ ಶತಮಾನಕ್ಕೆ ಅದೇ ಹತ್ತಿರ. ಎಲ್ಲ ಸಾಲೂ ಚಪ್ಪಟೆ ಉಂಗುರ, ಬೆಣೆಯಾಕಾರದ ರಿವೆಟ್ ಇರುವುದು ನಡುವಿನ ಬೆಲೆಯದು. ಅದು ನಂತರದ ಕಾಲದ ಪದ್ಧತಿ, ಹಾಗಿದ್ದೂ ಬಹಳ ತಂಡಗಳು ಕಣ್ಣು ಮುಚ್ಚಿಕೊಳ್ಳುತ್ತವೆ. ತೂಕ ಸುಮಾರು 12ರಿಂದ 15 ಕಿಲೊ. ಸೊಂಟಕ್ಕೆ ಬಿಗಿಯಾಗಿ ಬೆಲ್ಟ್ ಕಟ್ಟಿದರೆ ಅರ್ಧ ಭಾರ ಹೆಗಲಿನಿಂದ ಇಳಿದ ಹಾಗಾಗುತ್ತದೆ. ಶಿರಸ್ತ್ರಾಣದ ತಗಡು 1.6ರಿಂದ 2 ಮಿಲಿಮೀಟರ್ ಇರಲಿ. ಕತ್ತಿಯನ್ನು ಕಡೆಗೆ ಇಟ್ಟುಕೊಳ್ಳಿ. ಕಾದಾಟದ ಕತ್ತಿಗೆ ಅಂಚು 2–3 ಮಿಲಿಮೀಟರ್ ದಪ್ಪ, ತುದಿ ದುಂಡಗೆ ಇರಬೇಕು. "ಹರಿತ, ಅಸಲಿ" ಎಂದು ಬರೆದದ್ದನ್ನು ಯಾವ ತಂಡವೂ ಮೈದಾನಕ್ಕೆ ಬಿಡುವುದಿಲ್ಲ.

ನನ್ನನ್ನು ಕೇಳಿದರೆ ಮೊದಲ ಎರಡು ವರ್ಷಕ್ಕೆ ಬಿಲ್ಲಾಳೇ ಸರಿ. ಕಸೂತಿಯ ಮೊದಲ ಬಿಲ್ಲಾಳುಗಳ ಗುಂಪಿನಲ್ಲಿ ನಾಲ್ವರಲ್ಲಿ ಒಬ್ಬನಿಗೆ ಮಾತ್ರ ಉಂಗುರದಂಗಿ, ಉಳಿದವರು ಬಟ್ಟೆಯಲ್ಲೇ ಇದ್ದಾರೆ. ಖರ್ಚು ಕಡಿಮೆ, ಆಧಾರ ಗಟ್ಟಿ.

ಬೆಂಗಳೂರು ಹುಬ್ಬಳ್ಳಿಯಲ್ಲಿ ಕೂತು ಶುರುಮಾಡುವವರು ಕತ್ತಿ ತರಿಸುವ ಮೊದಲು 1959ರ ಶಸ್ತ್ರಾಸ್ತ್ರ ಕಾಯ್ದೆಯ ವಿಷಯ ಠಾಣೆಯಲ್ಲಿ ವಿಚಾರಿಸಿಕೊಳ್ಳಿ. ಬಟ್ಟೆಗೆ ಅಂಥ ತೊಂದರೆಯಿಲ್ಲ. ಅಳತೆ ಕೂಡಿಸಿ ನೋಡಲು ಮೊದಲು ಖಾದಿಯಲ್ಲಿ ಹೊಲಿದು, ಆಮೇಲೆ ಉಣ್ಣೆಗೆ ಕತ್ತರಿ ಹಾಕಿ. ಚಳ್ಳಕೆರೆಯ ಕಂಬಳಿ ಟ್ಯೂನಿಕ್ಕಿಗೆ ಬರುವುದಿಲ್ಲ. ಒರಟು ಉಣ್ಣೆ, ಸಾದಾ ನೇಯ್ಗೆ, ಮೇಲೆ ಹುಣಸೆಬೀಜದ ಗಂಜಿ. ಗುಡಾರದೊಳಗೆ ಹಾಸಲು ನಾನು ಅದನ್ನೇ ಒಯ್ಯುತ್ತೇನೆ, ಈವರೆಗೆ ಯಾರೂ ಆಕ್ಷೇಪಿಸಿಲ್ಲ. ಬಣ್ಣದಲ್ಲಿ ಮಾತ್ರ ನಮಗೆ ಅದೃಷ್ಟ. ಬೇಯೂ ಕಸೂತಿಯ ಮೂಲ ದಾರಗಳ ಬಣ್ಣವೆಲ್ಲ ಮೂರು ಗಿಡಗಳಿಂದ ಬಂದದ್ದು: ಕೆಂಪಿಗೆ ಮ್ಯಾಡರ್ ಬೇರು, ಹಳದಿಗೆ ವೆಲ್ಡ್, ನೀಲಿಗೆ ವೋಡ್. ಮ್ಯಾಡರ್‌ನ ಅಕ್ಕತಂಗಿಯೇ ನಮ್ಮ ಗ್ರಂಥಿಗೆ ಅಂಗಡಿಯ ಮಂಜಿಷ್ಠ. ವೋಡ್ ಎಲೆಯ ಬಣ್ಣವೂ ನಮ್ಮ ನೀಲಿ ಗಿಡದ ಬಣ್ಣವೂ ರಸಾಯನದಲ್ಲಿ ಒಂದೇ. ಪಟಿಕದ ನೀರಲ್ಲಿ ಮೊದಲು ಕುದಿಸಿಟ್ಟ ಉಣ್ಣೆಗೆ ಮಂಜಿಷ್ಠ ಹಾಕಿ, ಬಿಸಿ ಹೆಚ್ಚದಂತೆ ನೋಡಿಕೊಳ್ಳಿ. ಕುದಿ ಬಂದರೆ ಕೆಂಪು ಕಂದಿಗೆ ತಿರುಗಬಹುದು.